ಪಿಆರ್ ಇಂಟರ್ನ್‌ಶಿಪ್‌ನಲ್ಲಿ ನಿಜಕ್ಕೂ ಏನು ಕಲಿಯಬಹುದು? ಪೇಪರ್ ಕಟಿಂಗ್ ಅಷ್ಟೇನಾ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಿಎ ಪತ್ರಿಕೋದ್ಯಮ, ಕೊನೆಯ ವರ್ಷ. ಈ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಕ್ಲಾಸಿನ ಹೆಚ್ಚಿನವರು ಪತ್ರಿಕೆ ಇಲ್ಲವೇ ಚಾನೆಲ್ ಕಡೆ ಹೊರಟಿದ್ದಾರೆ. ನನಗೆ ಬೆಂಗಳೂರಿನ ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯಲ್ಲಿ ಎಂಟು ವಾರದ ಅವಕಾಶ ಸಿಗುವ ಹಾಗಿದೆ. ಸೀನಿಯರ್‌ಗಳನ್ನು ಕೇಳಿದರೆ "ಬೆಳಿಗ್ಗೆ ಪೇಪರ್ ಕಟಿಂಗ್, ಮಧ್ಯಾಹ್ನ ಎಕ್ಸೆಲ್, ಸಂಜೆ ಫೋನು, ಅಷ್ಟೇ ಕಣೇ" ಅನ್ನುತ್ತಾರೆ. ಪಠ್ಯದಲ್ಲಿ ಸಾರ್ವಜನಿಕ ಸಂಪರ್ಕದ ವ್ಯಾಖ್ಯಾನ, ಇತಿಹಾಸ ಎಲ್ಲ ಇದೆ. ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಮಾತ್ರ ಇಲ್ಲ.

ಕೇಳಬೇಕಾದ್ದು ಮೂರು. ಎಂಟು ವಾರ ಮುಗಿದ ಮೇಲೆ ನನಗೆ ಹೊಸದಾಗಿ ಏನು ಬರುತ್ತಿರುತ್ತದೆ? ಮುಂದೆ ವರದಿಗಾರ್ತಿ ಆಗಬೇಕೆಂದರೂ ಇದು ಉಪಯೋಗಕ್ಕೆ ಬರುತ್ತದಾ? ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮದವಳು, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯುವುದು ನಿಧಾನ. ನಡೆಯುತ್ತದಾ?

ನಾಲ್ಕನೇ ಕಾಲಂ

ಸೀನಿಯರ್‌ಗಳು ಸುಳ್ಳು ಹೇಳಿಲ್ಲ. ಮೊದಲ ಎರಡು ವಾರ ಬಹುಪಾಲು ಅದೇ ಕೆಲಸ. ಆ ಕಟಿಂಗ್‌ನಿಂದ ಏನು ಹೆಕ್ಕಿಕೊಳ್ಳಬಹುದು ಅನ್ನುವುದನ್ನು ಮಾತ್ರ ಏಜೆನ್ಸಿಯಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ಅವರಿಗೆ ಪುರುಸೊತ್ತೂ ಇರುವುದಿಲ್ಲ.

ಬೆಳಗಿನ ಮಾನಿಟರಿಂಗ್ ಹೀಗಿರುತ್ತದೆ. ಕ್ಲೈಂಟ್, ಅಂದರೆ ಏಜೆನ್ಸಿಗೆ ಕೆಲಸ ಕೊಟ್ಟ ಕಂಪನಿಯವರು, ಆಫೀಸಿಗೆ ಬಂದು ಕೂರುವ ಹೊತ್ತಿಗೆ ಅವರ ಮೇಲ್‌ನಲ್ಲಿ ಅಂದಿನ ಸುದ್ದಿ ಪಟ್ಟಿ ಇರಬೇಕು. ಹಾಗಾಗಿ ಏಳೂವರೆ-ಎಂಟಕ್ಕೆ ಇ-ಪೇಪರ್ ತೆರೆಯಬೇಕು. ಬೆಂಗಳೂರು ಆವೃತ್ತಿ ಒಂದನ್ನೇ ನೋಡಿ ಮುಗಿಸುವಂತಿಲ್ಲ. ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿ, ಕನ್ನಡಪ್ರಭ, ಉದಯವಾಣಿ, ಸಂಯುಕ್ತ ಕರ್ನಾಟಕ ಎಲ್ಲಕ್ಕೂ ಬೇರೆ ಬೇರೆ ಆವೃತ್ತಿಗಳಿವೆ. ಕ್ಲೈಂಟಿನ ಕಾರ್ಖಾನೆ ಮೈಸೂರಲ್ಲಿದ್ದರೆ ಮೈಸೂರು ಪುಟಗಳು, ಜತೆಗೆ ಆಂದೋಲನದಂಥ ಅಲ್ಲಿನದೇ ಪತ್ರಿಕೆ. ಇ-ಪೇಪರ್ ಪುಟಗಳು ಎಷ್ಟೋ ಕಡೆ ಬರೀ ಚಿತ್ರ ರೂಪದಲ್ಲಿರುತ್ತವೆ, ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ, ಕಣ್ಣಲ್ಲೇ ಪುಟ ಮಗುಚಬೇಕು. ವೆಬ್‌ಸೈಟ್‌ಗಳಲ್ಲಿ ಇನ್ನೊಂದು ತೊಡಕು, ಕಾಗುಣಿತ. ಇನ್ಫೋಸಿಸ್, ಇನ್ಫೊಸಿಸ್, ಇನ್‌ಫೊಸಿಸ್ ಮೂರೂ ಚಾಲ್ತಿಯಲ್ಲಿವೆ. ಒಂದೇ ರೂಪಕ್ಕೆ ಅಲರ್ಟ್ ಇಟ್ಟರೆ ಉಳಿದೆರಡು ಜಾರಿಹೋಗುತ್ತವೆ. ಕ್ಲೈಂಟ್, ಅದರ ಮುಖ್ಯಸ್ಥರು, ಎದುರಾಳಿ ಕಂಪನಿ, ಪ್ರತಿಯೊಂದಕ್ಕೂ ಸಾಧ್ಯವಿರುವ ಎಲ್ಲ ಕಾಗುಣಿತಗಳ ಪಟ್ಟಿ ಮೊದಲ ದಿನವೇ ಮಾಡಿಕೊಳ್ಳಿ. ಇಂಗ್ಲಿಷ್ ಮಾತ್ರ ಓದುವ ಸಹೋದ್ಯೋಗಿಗೆ ಈ ಕೆಲಸ ಮಾಡಲು ಬರುವುದಿಲ್ಲ. ನಿಮ್ಮ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಪಟ್ಟಿಯಲ್ಲಿ ತುಂಬುವುದು: ದಿನಾಂಕ, ಪತ್ರಿಕೆ, ಆವೃತ್ತಿ, ಪುಟ, ಶೀರ್ಷಿಕೆ, ಬೈಲೈನ್ (ವರದಿಗಾರರ ಹೆಸರು) ಇದೆಯೇ, ಫೋಟೊ ಇದೆಯೇ, ಕ್ಲೈಂಟ್ ಹೆಸರು ಶೀರ್ಷಿಕೆಯಲ್ಲಿ ಬಂತೋ ಕೊನೆಯ ಪ್ಯಾರಾದಲ್ಲೋ, ಧಾಟಿ ಹೇಗಿದೆ. ಇಷ್ಟು ತುಂಬಿ ಸುಮ್ಮನಾದರೆ ಅದು ಗುಮಾಸ್ತಿಕೆ. ಇದರ ಮೇಲೆ ನೀವೇ ಮಾಡಿಕೊಳ್ಳಬೇಕಾದ ಕೆಲಸ ಒಂದಿದೆ. ಏಜೆನ್ಸಿ ಕಳಿಸಿದ ಮೂಲ ಪತ್ರಿಕಾ ಪ್ರಕಟಣೆಯ ಪ್ರಿಂಟ್ ತೆಗೆದು, ಅಚ್ಚಾಗಿ ಬಂದ ಮೂರು ಪತ್ರಿಕೆಗಳ ಸುದ್ದಿಯನ್ನು ಪಕ್ಕದಲ್ಲಿಟ್ಟು, ಏನು ಉಳಿಯಿತು, ಏನು ಹೋಯಿತು, ಯಾವುದು ಮೇಲಕ್ಕೆ ಬಂತು ಎಂದು ಮೂರು ಬಣ್ಣದಲ್ಲಿ ಗೆರೆ ಎಳೆಯಿರಿ. ದಿನಕ್ಕೊಂದರಂತೆ ಮಾಡಿದರೆ ಮೂರು ವಾರದಲ್ಲಿ ಸುದ್ದಿಮನೆ ಏನನ್ನು ಕತ್ತರಿಸುತ್ತದೆ ಅನ್ನುವುದು ಹೇಳಿಕೊಡದೇ ತಿಳಿಯುತ್ತದೆ: "ಮುಂಚೂಣಿಯ" "ಪ್ರತಿಷ್ಠಿತ" ಮೊದಲು ಹೋಗುತ್ತವೆ, ಎಂಡಿಯವರ ಸಂತೋಷದ ಹೇಳಿಕೆ ಆಮೇಲೆ, ಕಂಪನಿ ಪರಿಚಯದ ಪ್ಯಾರಾ ಪೂರ್ತಿ ಹೋಗುತ್ತದೆ, ಊರು, ಸಂಖ್ಯೆ, ದಿನಾಂಕ, ಉದ್ಯೋಗ ಎಷ್ಟು ಅನ್ನುವುದು ಉಳಿಯುತ್ತವೆ. ನಾಳೆ ನೀವು ವರದಿಗಾರ್ತಿಯಾದರೆ ಯಾವುದು ಪ್ರಕಟಣೆಯಿಂದ ಎತ್ತಿದ ವಾಕ್ಯ, ಯಾವುದು ವರದಿಗಾರ ತಾನೇ ಹೋಗಿ ತಂದದ್ದು ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ.

ಮೂರನೇ ವಾರದಿಂದ ಮೀಡಿಯಾ ಲಿಸ್ಟ್, ಅಂದರೆ ಪತ್ರಕರ್ತರ ಪಟ್ಟಿ, ಕೈಗೆ ಬರುತ್ತದೆ. ಹೆಸರು, ಮೇಲ್, ಫೋನ್ ಇದ್ದರೆ ಅದು ಡೈರೆಕ್ಟರಿ. ಕೆಲಸಕ್ಕೆ ಬರುವ ಲಿಸ್ಟ್‌ನಲ್ಲಿ ಬೀಟ್ (ಯಾವ ಕ್ಷೇತ್ರದ ಸುದ್ದಿ ಮಾಡುತ್ತಾರೆ), ವಾರದ ರಜೆ, ಮೇಲ್ ನೋಡುವವರೋ ವಾಟ್ಸ್‌ಆ್ಯಪ್ ನೋಡುವವರೋ, ಇತ್ತೀಚೆಗೆ ಬರೆದ ಎರಡು ಸುದ್ದಿಗಳು ಇರಬೇಕು. ಬೀಟ್ ಬದಲಾಗುತ್ತಲೇ ಇರುತ್ತದೆ, ಪತ್ರಿಕೆಯಿಂದ ಪತ್ರಿಕೆಗೆ ಜನ ಹೋಗುತ್ತಲೇ ಇರುತ್ತಾರೆ. ಲಿಸ್ಟ್ ಹಳಸಿದ್ದರೆ ಸ್ಟಾರ್ಟಪ್ ಬಂಡವಾಳದ ಸುದ್ದಿ ಕೃಷಿ ವರದಿಗಾರರಿಗೆ ಹೋಗುತ್ತದೆ, ಎರಡು ಸಲ ಹಾಗಾದರೆ ನಿಮ್ಮ ಮೇಲ್ ತೆರೆಯುವುದನ್ನೇ ಬಿಡುತ್ತಾರೆ. ಇನ್ನೊಂದು ಸಾಮಾನ್ಯ ಅವಘಡ: ಎಂಬತ್ತು ಜನರನ್ನು ಬಿಸಿಸಿ ಬದಲು ಸಿಸಿಯಲ್ಲಿ ಹಾಕುವುದು. ಯಾರ ಯಾರ ವಿಳಾಸ ಇದೆ ಅನ್ನುವುದು ಎಲ್ಲರಿಗೂ ಕಾಣುತ್ತದೆ, "ಎಕ್ಸ್‌ಕ್ಲೂಸಿವ್ ನಿಮಗೆ ಮಾತ್ರ" ಎಂದು ಬರೆದಿದ್ದರಂತೂ ಮುಗಿದೇ ಹೋಯಿತು.

ಪ್ರಕಟಣೆ ಬರೆಯುವ ಅವಕಾಶ ಐದನೇ ವಾರದ ಹೊತ್ತಿಗೆ ಸಿಗಬೇಕು, ಸಿಗದಿದ್ದರೆ ಬಾಯಿಬಿಟ್ಟು ಕೇಳಿ. ಇಂಗ್ಲಿಷ್‌ನಲ್ಲಿ 300ರಿಂದ 400 ಪದ, ಕನ್ನಡದಲ್ಲಿ 200-250 ಸಾಕು. ಒಂದು ಪುಟ ಮೀರಬಾರದು. ಮೊದಲ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ, ಎಷ್ಟು. ಹೇಳಿಕೆ ಒಂದು, ಅದೂ ಹೊಸ ವಿಷಯ ಹೇಳುವಂತಿದ್ದರೆ. ಕರಡು ಏಜೆನ್ಸಿಯ ಮ್ಯಾನೇಜರ್, ಕ್ಲೈಂಟಿನ ಸಂವಹನ ವಿಭಾಗ, ಕಾನೂನು ವಿಭಾಗ, ಮುಖ್ಯಸ್ಥರು ಹೀಗೆ ನಾಲ್ಕು ಮೇಜು ಸುತ್ತುತ್ತದೆ. ಇಲ್ಲಿ ಪದೇಪದೇ ಆಗುವ ಎಡವಟ್ಟು: ಇಂಗ್ಲಿಷ್ ಎರಡನೇ ಕರಡಿನಿಂದ ಕನ್ನಡ ಮಾಡಿಟ್ಟಿರುತ್ತಾರೆ, ಇಂಗ್ಲಿಷ್ ಐದನೇ ಕರಡಿಗೆ ಹೋದಾಗ ಅಂಕಿ ಬದಲಾಗಿರುತ್ತದೆ, ಕನ್ನಡದಲ್ಲಿ ಹಳೆಯದೇ ಉಳಿದಿರುತ್ತದೆ. ಮರುದಿನ ಎರಡು ಭಾಷೆಯ ಪತ್ರಿಕೆಗಳಲ್ಲಿ ಎರಡು ಮೊತ್ತ. ಅಂಕಿ, ಹೆಸರು, ಹುದ್ದೆ ಇವಿಷ್ಟನ್ನೇ ಬೇರೆ ಒಂದು ಕೋಷ್ಟಕದಲ್ಲಿಟ್ಟು, ಕಳಿಸುವ ಮುಂಚೆ ಎರಡೂ ಪ್ರತಿಗಳನ್ನು ಅದರ ಜತೆ ತಾಳೆ ನೋಡಿ.

ಡೆಸ್ಕ್ ಪಾಳಿ

ಮೇಲಿನವರು ಏಜೆನ್ಸಿ ಕಡೆಯ ಮಾತು ಹೇಳಿದ್ದಾರೆ. ಸುದ್ದಿಮನೆಯ ಇನ್‌ಬಾಕ್ಸ್‌ನಲ್ಲಿ ಅದು ಹೇಗೆ ಬಂದು ಬೀಳುತ್ತದೆ ಅನ್ನುವುದನ್ನೂ ಕೇಳಿ. ಒಳ್ಳೆಯ ಸುದ್ದಿಯೂ ಕಸದ ಬುಟ್ಟಿಗೆ ಹೋಗುವುದು ಬಹಳ ಸಲ ತಾಂತ್ರಿಕ ಕಾರಣಕ್ಕೆ.

ಮೊದಲನೆಯದು ಪಿಡಿಎಫ್. ಕನ್ನಡ ಪಿಡಿಎಫ್‌ನಿಂದ ನಕಲು ಮಾಡಿದರೆ ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ ಹೋಗುತ್ತದೆ. ಡೆಡ್‌ಲೈನ್ ಹೊತ್ತಿನಲ್ಲಿ ಅದನ್ನು ಮತ್ತೆ ಟೈಪ್ ಮಾಡುವವರು ಯಾರು? ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್, ಮೊಬೈಲ್‌ಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ವರ್ಡ್ ಫೈಲ್ ಲಗತ್ತಿಸಿ, ಅದೇ ಪಠ್ಯವನ್ನು ಮೇಲ್ ಒಳಗೂ ಹಾಕಿ. ಲೋಗೊ, ಬಣ್ಣದ ಬಾರ್ಡರ್ ಯಾವುದೂ ಬೇಡ.

ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಫೋಟೊ ಎಂದು ಕಳಿಸಿದರೆ ಗಾತ್ರ ಇಳಿದು ಅಚ್ಚಿಗೆ ಬಾರದು, 'ಡಾಕ್ಯುಮೆಂಟ್' ಆಗಿ ಕಳಿಸಿ ಅಥವಾ ಮೇಲ್ ಮಾಡಿ. ಒಂದು ಎಂಬಿಗಿಂತ ದೊಡ್ಡದಿರಲಿ. ಒಂದು ಅಡ್ಡ, ಒಂದು ಉದ್ದ ಎರಡೂ ಕೊಟ್ಟರೆ ಪುಟ ಕಟ್ಟುವವರಿಗೆ ಅನುಕೂಲ. ಎಡದಿಂದ ಬಲಕ್ಕೆ ಯಾರು ಅಂತ ಪೂರ್ತಿ ಹೆಸರು, ಹುದ್ದೆ ಬರೆಯಿರಿ, "ಗಣ್ಯರು ಉಪಸ್ಥಿತರಿದ್ದರು" ಅಂದರೆ ಆ ಚಿತ್ರ ಬಳಕೆಗೆ ಬರುವುದಿಲ್ಲ. ದೀಪ ಬೆಳಗುವ ಚಿತ್ರ ದಿನಕ್ಕೆ ಹತ್ತು ಬರುತ್ತವೆ. ಯಂತ್ರದ ಮುಂದೆ, ಹೊಲದಲ್ಲಿ, ಲ್ಯಾಬಿನಲ್ಲಿ ಕೆಲಸ ನಡೆಯುತ್ತಿರುವ ಚಿತ್ರ ತೆಗೆಸಿ.

ಹೆಸರಿನ ಕನ್ನಡ ಕಾಗುಣಿತವನ್ನು ಆ ವ್ಯಕ್ತಿಯಿಂದಲೇ ಕೇಳಿ ಬರೆಯಿರಿ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಊಹಿಸಿದರೆ ಶೆಣೈ ಶೆನೊಯ್ ಆಗುತ್ತಾರೆ. ಊರ ಹೆಸರೂ ಅಷ್ಟೇ: 2014ರ ನವೆಂಬರ್ 1ರಿಂದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಕನ್ನಡದಂತೆಯೇ ಆಗಿದೆ, ಆದರೂ ಮುಂಬೈ, ದೆಹಲಿಯಿಂದ ಬರುವ ಪ್ರಕಟಣೆಗಳಲ್ಲಿ ಗುಲ್ಬರ್ಗ, ಬೆಲ್ಗಾಂ ಇನ್ನೂ ಉಳಿದಿವೆ. ಮಿಲಿಯನ್, ಬಿಲಿಯನ್ ಇನ್ನೂ ಅಪಾಯ. 5 ಮಿಲಿಯನ್ ಅಂದರೆ 50 ಲಕ್ಷ, 1 ಬಿಲಿಯನ್ ಅಂದರೆ 100 ಕೋಟಿ. ಡಾಲರ್‌ನಲ್ಲಿದ್ದರೆ ಅಂದಿನ ದರದಲ್ಲಿ ರೂಪಾಯಿಗೆ ತಿರುಗಿಸಿ ಅದನ್ನೂ ಬರೆಯಿರಿ. ರಾತ್ರಿ ಒಂಬತ್ತಕ್ಕೆ ಉಪಸಂಪಾದಕರು ಸೊನ್ನೆ ಎಣಿಸುತ್ತ ಕೂರುವಂತೆ ಮಾಡಬೇಡಿ.

ಹೊತ್ತು. ಜಿಲ್ಲಾ ಆವೃತ್ತಿಗಳ ಒಳಪುಟಗಳು ಬೇಗ ಮುಗಿಯುತ್ತವೆ, ದೂರದ ಊರಿಗೆ ಹೋಗುವ ಪ್ರತಿ ಮೊದಲು ಅಚ್ಚಾಗುತ್ತದೆ. ಮಧ್ಯಾಹ್ನ ಮೂರರೊಳಗೆ ಬಂದದ್ದಕ್ಕೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ಸಂಜೆ ಏಳಕ್ಕೆ ಫೋನ್ ಮಾಡಿ "ಸರ್, ಮೇಲ್ ಬಂತಾ?" ಅನ್ನುವುದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಬೆಳಗಿನ ಮೀಟಿಂಗ್ ಮುಗಿದ ಮೇಲೆ, ಹನ್ನೊಂದೂವರೆ-ಹನ್ನೆರಡರ ಸುಮಾರಿಗೆ ಮಾಡಿ. ಮೊದಲ ವಾಕ್ಯದಲ್ಲೇ ಸುದ್ದಿ ಏನು ಅನ್ನುವುದನ್ನು ಹೇಳಿ. ಭಾನುವಾರ ಕಚೇರಿಗಳು ಮುಚ್ಚಿರುವುದರಿಂದ ಸುದ್ದಿ ಕಡಿಮೆ, ಸೋಮವಾರದ ಪುಟದಲ್ಲಿ ಜಾಗ ಇರುತ್ತದೆ. ಜನವರಿ 26, ಆಗಸ್ಟ್ 15ರಂದು ಪತ್ರಿಕಾ ಕಚೇರಿಗೆ ರಜೆ, ಮರುದಿನ ಪೇಪರ್ ಇರುವುದಿಲ್ಲ. ಆ ದಿನದ ಕಾರ್ಯಕ್ರಮ ನಾಳೆ ಬರುತ್ತದೆ ಎಂದು ಕ್ಲೈಂಟಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವ ಏಜೆನ್ಸಿಯವರು ಈಗಲೂ ಇದ್ದಾರೆ.

ಅಚ್ಚಿಗೆ ಹೋಗುವ ಮುಂಚೆ ಕಾಪಿ ತೋರಿಸಿ ಅನ್ನಬಾರದು. ತಪ್ಪು ಬಂದಿದ್ದರೆ ಯಾವ ವಾಕ್ಯದಲ್ಲಿ ಏನು ತಪ್ಪು, ಸರಿ ಯಾವುದು, ಆಧಾರ ಏನು ಅಂತ ಮೂರು ಸಾಲು ಬರೆದು ಕಳಿಸಿ, ತಿದ್ದುಪಡಿ ಹಾಕುತ್ತಾರೆ. ಪತ್ರಿಕಾಗೋಷ್ಠಿಯಲ್ಲಿ ಪತ್ರಕರ್ತರಿಗೆ ದುಡ್ಡಿನ ಕವರ್ ಹಂಚುವ ಕೆಲಸ ಯಾರಾದರೂ ನಿಮಗೆ ಹೇಳಿದರೆ ಮಾಡಬೇಡಿ. ಇಂಟರ್ನ್ ಆದರೂ ಹೆಸರು ನಿಮ್ಮದೇ ಉಳಿಯುತ್ತದೆ.

ವರದಿಗಾರ್ತಿ ಆಗುವುದಾದರೂ ಉಪಯೋಗ ಇದೆಯೇ ಎಂದಿರಿ. ಇದೆ. ಪ್ರಕಟಣೆಯಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇನು ಅನ್ನುವುದು ಅದನ್ನು ಬರೆದು ಅಭ್ಯಾಸ ಇದ್ದವರಿಗೆ ಬೇಗ ಹೊಳೆಯುತ್ತದೆ. "500 ಉದ್ಯೋಗ" ಅಂದರೆ ಎಷ್ಟು ವರ್ಷದಲ್ಲಿ, ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂದು ಕೇಳಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಇ-ಪೇಪರ್ ಪಕ್ಕದಲ್ಲಿ ಪ್ರಕಟಣೆ ಇಟ್ಟು ನೋಡುವುದು ಇಲ್ಲೇ ಶುರು ಮಾಡಬಹುದಲ್ಲ, ಜಿಲ್ಲಾಡಳಿತದ ಪ್ರಕಟಣೆಗಳು ಸಿಗುತ್ತವೆ. ಇನ್ನೊಂದು: ಪ್ರಕಟಣೆ ಮತ್ತು ಪಿಚ್‌ಗೆ ವ್ಯತ್ಯಾಸ ಏನು? ಸಂದರ್ಶನದಲ್ಲಿ ಕೇಳಿದರು, ನನಗೆ ಸರಿಯಾಗಿ ಹೇಳಲು ಆಗಲಿಲ್ಲ.

ನಾಲ್ಕನೇ ಕಾಲಂ

ಪ್ರಕಟಣೆ ಎಲ್ಲರಿಗೂ ಒಂದೇ. ಪಿಚ್ ಒಬ್ಬ ವರದಿಗಾರರಿಗೆ, ಅವರ ಓದುಗರಿಗೆ ಹೊಂದುವ ಒಂದು ಸುದ್ದಿ ಎಳೆ. ಎಂಟು-ಹತ್ತು ಸಾಲು ಮೀರಬಾರದು: ಸುದ್ದಿ ಏನು, ಈಗಲೇ ಯಾಕೆ, ಯಾರ ಜತೆ ಮಾತಾಡಬಹುದು, ಯಾವ ದಾಖಲೆ ಕೊಡಬಹುದು, ಎಲ್ಲಿ ಫೋಟೊ ತೆಗೆಯಬಹುದು. ಉದಾಹರಣೆಗೆ ಹನಿ ನೀರಾವರಿ ಉಪಕರಣ ಕಂಪನಿ ಹೊಸ ಪೈಪ್ ಬಿಟ್ಟಿತು ಅನ್ನುವುದು ಪ್ರಕಟಣೆ, ವಾಣಿಜ್ಯ ಪುಟದಲ್ಲಿ ಎರಡು ಇಂಚು. ಕೋಲಾರದ ಕೊಳವೆಬಾವಿ ರೈತರು ಟೊಮೆಟೊಗೆ ನೀರು ಹೇಗೆ ಅಳೆದು ಬಿಡುತ್ತಿದ್ದಾರೆ, ಇಂಥ ಊರಿನ ಇಂಥ ರೈತರು ಮಾತಿಗೆ ಸಿಗುತ್ತಾರೆ ಅನ್ನುವುದು ಪಿಚ್, ಕೃಷಿ ಪುರವಣಿಗೆ. ಕಂಪನಿ ಹೆಸರು ಅಲ್ಲಿ ಒಂದೇ ಸಲ ಬರಬಹುದು, ಕ್ಲೈಂಟ್ ಗೊಣಗುತ್ತಾರೆ. ಅವರನ್ನು ಒಪ್ಪಿಸುವುದೂ ಪಿಆರ್ ಕೆಲಸವೇ. ಆ ರೈತರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆಯದೆ ಪಿಚ್ ಕಳಿಸಬಾರದು. ವರದಿಗಾರರು ಹೂಂ ಅಂದ ಮೇಲೆ ಮಾತಾಡಲು ಜನ ಇಲ್ಲ ಅಂದರೆ ಅವರು ಮುಂದಿನ ಸಲ ಫೋನೇ ಎತ್ತುವುದಿಲ್ಲ.

ಪೇಡೆ ಪ್ಯಾಟಿ

ನೋಡ್ರಿ ತಂಗಿ, ಬೆಂಗಳೂರಿಗೇ ಹೋಗಬೇಕು ಅಂತ ಏನಿಲ್ಲ. ರೂಮು, ಊಟ, ಬಸ್ಸು ಸೇರಿದರ ಸ್ಟೈಪೆಂಡ್ ಎಲ್ಲಿ ಸಾಲ್ತದ? ಪ್ರತಿ ಜಿಲ್ಲಾದಾಗೂ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಕಚೇರಿ ಅದ. ದಿನಾ ಪತ್ರಿಕಾ ಪ್ರಕಟಣೆ ಹೊರಡಸ್ತಾರ. ಮಂತ್ರಿಗಳ ಪ್ರವಾಸ, ಕೆಡಿಪಿ (ಅಭಿವೃದ್ಧಿ ಕೆಲಸ ಪರಿಶೀಲನಾ) ಸಭೆ, ಮಳಿ ಹಾನಿ, ಲಸಿಕೆ, ಎಲ್ಲಾ. ಇಲಾಖೆಯವರೇ 'ಜನಪದ', 'ಮಾರ್ಚ್ ಆಫ್ ಕರ್ನಾಟಕ' ಅಂತ ಪತ್ರಿಕಾ ತರತಾರ. ಕಾಲೇಜಿನಿಂದ ಪತ್ರ ತಗೊಂಡು ಹೋಗಿ ಕೇಳ್ರಿ. ಮೂರು ತಾಸಿನ ಸಭೆಯನ್ನ ಒಂದು ಪುಟಕ್ಕ ಇಳಸೋದು ಅಲ್ಲಿ ಕಲತಷ್ಟು ಬ್ಯಾರೆ ಎಲ್ಲೂ ಕಲಿಯಂಗಿಲ್ಲ. ದೊಡ್ಡ ದವಾಖಾನಿ, ಹಾಲು ಒಕ್ಕೂಟ, ಸ್ವಯಂಸೇವಾ ಸಂಸ್ಥೆ, ವಿಶ್ವವಿದ್ಯಾಲಯದ ಪಿಆರ್‌ಒ ಕಚೇರಿ, ಇವೂ ಅದಾವ. ಕೆಲಸ ಮಾಡೋರು ಒಬ್ಬರೋ ಇಬ್ಬರೋ ಇರೋದರಿಂದ ಎಲ್ಲಾ ಕೆಲಸಾ ನಿಮ್ಮ ಕೈಗೇ ಬರ್ತದ. ಏಜೆನ್ಸಿಯೊಳಗ ಒಂದೊಂದೇ ತುಂಡು ಸಿಗ್ತದ.

ಇಂಗ್ಲಿಷಿನ ಬಗ್ಗೆ ಅಂಜಬ್ಯಾಡ್ರಿ. ಆದರ ಕನ್ನಡ ಬರ್ತದ ಅಂದರ ಭಾಷಾಂತರ ಮಾಡಿ ಕೊಡೋದಲ್ಲ. ಒಂದು ಸಂಸ್ಥಾ ಹತ್ತು ಜಿಲ್ಲಾದಾಗ ಶಾಲಿ ಗ್ರಂಥಾಲಯ ಮಾಡೇದ ಅನ್ರಿ. ಬೆಂಗಳೂರಿನ ಪ್ರಕಟಣಿಯೊಳಗ ಒಟ್ಟು ಸಂಖ್ಯಾ ಮೊದಲು ಇರ್ತದ. ಹುಬ್ಬಳ್ಳಿ ಆವೃತ್ತಿಗೆ ಕಳಸೋವಾಗ ಧಾರವಾಡ ಜಿಲ್ಲಾದಾಗ ಎಷ್ಟು ಶಾಲಿ, ಯಾವ ತಾಲೂಕು, ಯಾವ ಹಳ್ಳಿ ಅನ್ನೋದು ಮೊದಲನೇ ಸಾಲಿಗೆ ಬರಬೇಕು, ಒಟ್ಟು ಸಂಖ್ಯಾ ಮೂರನೇ ಪ್ಯಾರಾಕ್ಕ ಹೋಗಬೇಕು. ಹೇಳಿಕಿನೂ ಅಲ್ಲಿನ ಹೆಡ್‌ಮಾಸ್ತರ್‌ದ್ದು ಇರಲಿ. ಹಂಗ ಹತ್ತು ಜಿಲ್ಲಾಕ್ಕ ಹತ್ತು ಪ್ರತಿ. ಇಷ್ಟು ಮಾಡೋರು ಸಿಗಂಗಿಲ್ಲ ಅಂತನ ಜಿಲ್ಲಾ ಪುಟದಾಗ ಕಂಪನಿ ಸುದ್ದಿ ಬರಂಗಿಲ್ಲ.

ಪತ್ರಿಕಾಗೋಷ್ಠಿ ಒಂದಾದರೂ ಪೂರ್ತಿ ನಿಂತು ಮಾಡಸ್ರಿ. ವೇದಿಕಿ ಮ್ಯಾಲ ನಾಕು ಜನಕ್ಕಿಂತ ಹೆಚ್ಚು ಬ್ಯಾಡ, ಹೆಚ್ಚಾದರ ಪ್ರಶ್ನೆಗೆ ಹೊತ್ತು ಉಳಿಯಂಗಿಲ್ಲ. ಹೆಸರಿನ ಫಲಕ ಕನ್ನಡದಾಗೂ ಇರಬೇಕು, ಕ್ಯಾಮೆರಾಕ್ಕ ಕಾಣಂಗ. ಟಿವಿಯವರ ಟ್ರೈಪಾಡಿಗೆ ಹಿಂದ ಒಂದು ಎತ್ತರದ ಕಟ್ಟಿ, ಎಲ್ಲರ ಮೈಕಿಗೂ ಒಂದೇ ಕಡೆಯಿಂದ ಆಡಿಯೊ ಸಿಗೋ ಮೈಕ್ ಬಾಕ್ಸ್. ಬೈಟ್ (ಕ್ಯಾಮೆರಾ ಮುಂದ ಹೇಳಿಕಿ) ಕೊಡಾಕ ಬ್ಯಾರೆ ಜಾಗಾ ನೋಡಿಡ್ರಿ. ಹಿಂದ ಕಿಟಕಿ ಇದ್ದರ ಮುಖ ಕಪ್ಪಾಗ್ತದ. ಬರೋರ ಅಂದಾಜಿಗಿಂತ ಹತ್ತು ಪ್ರತಿ ಹೆಚ್ಚು ಪ್ರಿಂಟ್ ತಗೀರಿ. ಹಿಂದಿನ ದಿನ ಹದಿನೈದು ತ್ರಾಸಿನ ಪ್ರಶ್ನೆ ಬರೆದು ಮಾತಾಡೋರ ಕಡೆ ಉತ್ತರ ಹೇಳಸಿ ನೋಡ್ರಿ. ಗೋಷ್ಠಿ ನಡೆದಾಗ ನಿಮ್ಮ ಕೆಲಸ ಚಹಾ ಕೊಡೋದಲ್ಲ, ಯಾರು ಏನು ಕೇಳಿದರು, ಯಾವುದಕ್ಕ "ಆಮ್ಯಾಲ ಹೇಳ್ತೀವಿ" ಅಂದರು ಅನ್ನೋದನ್ನ ಬರಕೊಳ್ಳೋದು. ಆ ಉತ್ತರ ಮಧ್ಯಾಹ್ನದೊಳಗ ಮುಟ್ಟಲಿಲ್ಲ ಅಂದರ ಸುದ್ದಿಯೊಳಗ "ಉತ್ತರ ನೀಡಲು ನಿರಾಕರಿಸಿದರು" ಅಂತ ಬರ್ತದ.

ಷರತ್ತು ಅನ್ವಯ

ಇಂಟರ್ನ್‌ಗಳಿಗೆ ಯಾರೂ ಮುಂಚಿತವಾಗಿ ಹೇಳದ ಭಾಗ ಕಾನೂನು.

ಷೇರು ಮಾರುಕಟ್ಟೆಯಲ್ಲಿರುವ ಕಂಪನಿ ನಿಮ್ಮ ಕ್ಲೈಂಟ್ ಆಗಿದ್ದು, ತ್ರೈಮಾಸಿಕ ಫಲಿತಾಂಶದ ಕರಡು ನಿಮ್ಮ ಕಣ್ಣಿಗೆ ಬಿದ್ದರೆ ಆ ಕ್ಷಣದಿಂದ ಷೇರುಪೇಟೆ ನಿಯಂತ್ರಕ ಸೆಬಿಯ 2015ರ ಒಳವಹಿವಾಟು (ಒಳಗಿನ ಮಾಹಿತಿ ತಿಳಿದು ಷೇರು ವ್ಯವಹಾರ) ನಿಷೇಧ ನಿಯಮ ನಿಮಗೂ ಅನ್ವಯಿಸುತ್ತದೆ. ಆ ಮಾಹಿತಿ ಯಾರ ಯಾರಿಗೆ ಕೊಟ್ಟಿದ್ದಾರೆ ಅನ್ನುವುದನ್ನು ಕಂಪನಿ ಪ್ಯಾನ್ ಸಂಖ್ಯೆಯೊಂದಿಗೆ ದಾಖಲಿಸಿಡಬೇಕು. ನಿಮ್ಮ ಪ್ಯಾನ್ ಕೇಳಿದರೆ ಗಾಬರಿಯಾಗಬೇಡಿ. ಸ್ವಂತಕ್ಕೆ ಷೇರು ಕೊಳ್ಳುವಂತಿಲ್ಲ, ಹಾಸ್ಟೆಲ್ ಗೆಳತಿಗೆ ಬಾಯಿಮಾತಲ್ಲಿ ಹೇಳುವಂತೆಯೂ ಇಲ್ಲ. ಫಲಿತಾಂಶ ಮೊದಲು ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು: ಮಂಡಳಿ ಸಭೆ ಮುಗಿದ 30 ನಿಮಿಷದೊಳಗೆ, ಮಾರುಕಟ್ಟೆ ಮುಚ್ಚಿದ ಮೇಲೆ ಸಭೆ ಮುಗಿದಿದ್ದರೆ 3 ಗಂಟೆಗಳ ಅವಧಿಯೊಳಗೆ. ಪತ್ರಕರ್ತರಿಗೆ ಕಳಿಸುವುದು ಅದಾದ ಮೇಲೆ. ಮೇಲ್ ಶೆಡ್ಯೂಲ್ ಮಾಡಿಟ್ಟು ಎದ್ದುಹೋಗುವುದು ಇಲ್ಲಿ ಅಪಾಯ, ಸಭೆ ತಡವಾದರೆ ನಿಮ್ಮ ಮೇಲ್ ಮೊದಲು ಹೋಗಿಬಿಡುತ್ತದೆ.

ಆಸ್ಪತ್ರೆ ಕ್ಲೈಂಟ್ ಆದರೆ ರೋಗಿಯ ಹೆಸರು, ಚಿತ್ರಕ್ಕೆ ಲಿಖಿತ ಒಪ್ಪಿಗೆ ಬೇಕು, ಅದೂ ಅವರಿಗೆ ಓದಲು ಬರುವ ಭಾಷೆಯಲ್ಲಿ. ವೈದ್ಯರು ತಮ್ಮ ಪ್ರಚಾರ ಮಾಡಿಕೊಳ್ಳುವುದಕ್ಕೆ 2002ರ ವೈದ್ಯಕೀಯ ನೀತಿ ನಿಯಮಗಳಲ್ಲಿ ನಿರ್ಬಂಧ ಇದೆ. ಮಧುಮೇಹ, ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದು ಔಷಧದ ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. "ಶೇ 100 ಗುಣ" ಎಂದು ಕ್ಲೈಂಟ್ ಬರೆದುಕೊಟ್ಟರೂ ಹಾಗೇ ಟೈಪ್ ಮಾಡಬೇಡಿ, ಮ್ಯಾನೇಜರ್‌ಗೆ ತೋರಿಸಿ. ಇನ್‌ಫ್ಲುಯೆನ್ಸರ್‌ಗಳಿಗೆ ಹಣ ಅಥವಾ ಉಚಿತ ವಸ್ತು ಕೊಟ್ಟಿದ್ದರೆ ಅದು ಜಾಹೀರಾತು ಎಂಬ ಗುರುತು ಪೋಸ್ಟ್‌ನಲ್ಲಿ ಎದ್ದು ಕಾಣಬೇಕು. ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿ 2021ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿದೆ.

ಎಂಬಾರ್ಗೊ, ಅಂದರೆ ಇಂಥ ಹೊತ್ತಿನವರೆಗೆ ಪ್ರಕಟಿಸಬಾರದು ಅನ್ನುವುದು, ಕಾನೂನಲ್ಲ, ಮಾತಿನ ಒಪ್ಪಂದ. ವರದಿಗಾರರು ಮೊದಲು ಒಪ್ಪಬೇಕು, ಆಮೇಲೆ ಕಳಿಸಬೇಕು. ಕಳಿಸಿದ ಮೇಲೆ "ನಾಳೆ ಹತ್ತರವರೆಗೆ ಹಾಕಬೇಡಿ" ಅಂದರೆ ಅದಕ್ಕೆ ಅವರು ಬದ್ಧರಲ್ಲ.

ಕೊನೆಯದಾಗಿ, ಕಾಲೇಜು ವರದಿಗೆ ಏನನ್ನೆಲ್ಲ ಸೇರಿಸಬಹುದು ಅನ್ನುವುದು. ಸೇರುವಾಗ ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಅಚ್ಚಾದ ಸುದ್ದಿ, ಹೊರಬಿದ್ದ ಪ್ರಕಟಣೆ ತೋರಿಸಬಹುದು. ಕರಡು, ಕ್ಲೈಂಟಿನ ಯೋಜನೆ, ಮೀಡಿಯಾ ಲಿಸ್ಟ್‌ನ ಫೋನ್ ಸಂಖ್ಯೆಗಳು ಬೇಡವೇ ಬೇಡ.

ಅಳತೆಗೋಲು

ಕವರೇಜ್ ರಿಪೋರ್ಟ್, ಅಂದರೆ ಕ್ಲೈಂಟ್ ಬಗ್ಗೆ ಏನೇನು ಸುದ್ದಿ ಬಂತು ಅನ್ನುವ ವರದಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ತಿಂಗಳ ಕೊನೆಗೆ ಇಂಟರ್ನ್‌ಗೆ ಬೀಳುವ ದೊಡ್ಡ ಕೆಲಸ ಅದೇ. ಅದರಲ್ಲಿ ಎವಿಇ ಅನ್ನುವ ಕಾಲಂ ಕಾಣುತ್ತದೆ: ಸುದ್ದಿ ಬಂದ ಜಾಗವನ್ನು ಜಾಹೀರಾತಾಗಿ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ. 12 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಅಂದರೆ 240 ಚದರ ಸೆಂ.ಮೀ.; ದರ ಚದರ ಸೆಂ.ಮೀ.ಗೆ ₹1,000 ಎಂದಿಟ್ಟುಕೊಂಡರೆ ₹2.4 ಲಕ್ಷ. ಕೆಲವರು "ಸುದ್ದಿಗೆ ನಂಬಿಕೆ ಹೆಚ್ಚು" ಎಂದು ಅದನ್ನು ಮೂರರಿಂದ ಗುಣಿಸುತ್ತಾರೆ. ಈ ಮೂರು ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ದರಪಟ್ಟಿಯ ಪೂರ್ತಿ ದರ ಕೊಟ್ಟು ಜಾಹೀರಾತು ಕೊಳ್ಳುವವರು ಕಡಿಮೆ. ಬೈದು ಬರೆದ ಸುದ್ದಿಗೂ ಅಷ್ಟೇ ಬೆಲೆ ಬರುತ್ತದೆ. ಓದಿದವರು ಏನು ಮಾಡಿದರು ಅನ್ನುವುದು ಅದರಲ್ಲಿಲ್ಲ. ಪಿಆರ್ ಕೆಲಸವನ್ನು ಅಳೆಯುವುದು ಹೇಗೆ ಎಂದು ಆ ಉದ್ಯಮದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲೇ ಎವಿಇ ಸಾರ್ವಜನಿಕ ಸಂಪರ್ಕದ ಮೌಲ್ಯ ಅಲ್ಲ ಎಂದು ಹೇಳಿಯಾಗಿದೆ. ಇಂಟರ್ನ್ ಅದನ್ನು ಕಲಿಯದಿರುವುದೇ ಒಳ್ಳೆಯದು.

ನಾಲ್ಕನೇ ಕಾಲಂ

ತತ್ವಕ್ಕೆ ಒಪ್ಪಿಗೆ. ಆದರೆ ಕ್ಲೈಂಟಿನ ಹಣಕಾಸು ವಿಭಾಗ ಈಗಲೂ ಆ ಕಾಲಂ ಕೇಳುತ್ತದೆ, ಎಂಟು ವಾರಕ್ಕೆ ಬಂದ ಹುಡುಗಿ ಇಲ್ಲ ಅನ್ನಲು ಆಗುವುದಿಲ್ಲ. ಲೆಕ್ಕ ಕಲಿಯಲಿ, ಅದರ ಪೊಳ್ಳೂ ಗೊತ್ತಿರಲಿ.

ಅಳತೆಗೋಲು

ಹಾಗಾದರೆ ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸಲಿ. ಹೇಳಬೇಕಿದ್ದ ಮೂರು ಅಂಶಗಳಲ್ಲಿ ಸುದ್ದಿಯಲ್ಲಿ ಎಷ್ಟು ಬಂದವು. ಸುದ್ದಿ ಬಂದ ಮುಂದಿನ ಎರಡು ದಿನ ಸಹಾಯವಾಣಿಗೆ ಬಂದ ಕರೆ, ನೋಂದಣಿ, ವೆಬ್‌ಸೈಟ್ ಭೇಟಿ ಎಷ್ಟು, ಅದಕ್ಕೂ ಹಿಂದಿನ ವಾರ ಎಷ್ಟಿತ್ತು. ರಕ್ತದಾನ ಶಿಬಿರದ ಸುದ್ದಿ ಆರು ಪತ್ರಿಕೆಯಲ್ಲಿ ಬಂದು, ವಿಳಾಸ ಒಂದರಲ್ಲೂ ಇಲ್ಲದಿದ್ದರೆ ಅದು ಸೋತ ಕವರೇಜ್. ಇ-ಪೇಪರ್ ಲಿಂಕ್ ಕೆಲವು ದಿನಕ್ಕೆ ಸಾಯುತ್ತದೆ. ಪುಟದ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಲಿ.

ತುಂಗಾತೀರ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಏಜೆನ್ಸಿಗೇ ಹೋಗುವುದು ಎಂದುಕೊಂಡಿದ್ದೇನೆ. ಒಪ್ಪಿಕೊಳ್ಳುವ ಮುಂಚೆ ಅವರನ್ನು ಏನೇನು ಕೇಳಬೇಕು? ಕಾಲೇಜಿಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಏನಿರಬೇಕು?

ಕ್ರೆಡಿಟ್ ಲೆಕ್ಕ

ಕಾಲೇಜು ಕಡೆಯದು ನಾನು ಹೇಳುತ್ತೇನೆ. ಯುಜಿಸಿ ಚೌಕಟ್ಟಿನಲ್ಲಿ ಇಂಟರ್ನ್‌ಶಿಪ್‌ಗೆ ಒಂದು ಕ್ರೆಡಿಟ್ ಅಂದರೆ 30 ಗಂಟೆ. ನಿಮ್ಮ ವಿಶ್ವವಿದ್ಯಾಲಯ ಎಷ್ಟು ಕ್ರೆಡಿಟ್ ಇಟ್ಟಿದೆ ಅನ್ನುವುದನ್ನು ಪಠ್ಯಕ್ರಮದ ಪ್ರತಿಯಲ್ಲಿ ನೋಡಿ, ಸೀನಿಯರ್ ಮಾತು ನಂಬಬೇಡಿ, ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದು ಮತ್ತೆ ರಾಜ್ಯದ ನೀತಿ ಬಂದ ಮೇಲೆ ಬ್ಯಾಚಿನಿಂದ ಬ್ಯಾಚಿಗೆ ಬದಲಾಗಿದೆ. 4 ಕ್ರೆಡಿಟ್ ಇದ್ದರೆ 120 ಗಂಟೆ ದಾಖಲೆಯಲ್ಲಿ ಕಾಣಬೇಕು. ಸರ್ಟಿಫಿಕೇಟ್‌ನಲ್ಲಿ ಬರೀ "ಎಂಟು ವಾರ" ಅಂತಿದ್ದರೆ ಮೌಲ್ಯಮಾಪನದ ದಿನ ಓಡಾಡಬೇಕಾಗುತ್ತದೆ. ಶುರುವಾದ ಮತ್ತು ಮುಗಿದ ದಿನಾಂಕ, ಒಟ್ಟು ಗಂಟೆ, ಯಾವ ವಿಭಾಗ, ಮಾಡಿದ ಕೆಲಸಗಳ ಹೆಸರು, ಮಾರ್ಗದರ್ಶಕರ ಹುದ್ದೆ ಮತ್ತು ಸಹಿ, ಲೆಟರ್‌ಹೆಡ್, ಸೀಲು. ದಿನಚರಿ ಪುಸ್ತಕಕ್ಕೆ ವಾರಕ್ಕೊಮ್ಮೆ ಸಹಿ ಹಾಕಿಸಿ. ಕೊನೆಯ ದಿನ ಒಟ್ಟಿಗೆ ಹಾಕಿಸೋಣ ಅಂದರೆ ಅಂದು ಅವರು ರಜೆಯಲ್ಲಿರುತ್ತಾರೆ.

ಏಜೆನ್ಸಿಯನ್ನು ಕೇಳಬೇಕಾದ್ದು: ಎಷ್ಟು ಕ್ಲೈಂಟ್‌ಗಳ ಕೆಲಸಕ್ಕೆ ಹಾಕುತ್ತೀರಿ (ಎರಡು-ಮೂರು ಸರಿ, ಎಂಟಾದರೆ ಬರೀ ಕಟಿಂಗ್), ಯಾರ ಕೈಕೆಳಗೆ, ಕನಿಷ್ಠ ಎರಡು ಪ್ರಕಟಣೆ ಬರೆಸುತ್ತೀರಾ, ಒಂದು ಪತ್ರಿಕಾಗೋಷ್ಠಿಗೆ ಕರೆದೊಯ್ಯುತ್ತೀರಾ, ಲ್ಯಾಪ್‌ಟಾಪ್ ಅವರದೋ ನಿಮ್ಮದೋ, ಕಾರ್ಯಕ್ರಮ ರಾತ್ರಿವರೆಗೆ ಇದ್ದರೆ ವಾಪಸ್ ಹೋಗಲು ಕ್ಯಾಬ್ ಕೊಡುತ್ತಾರೆಯೇ. ಸ್ಟೈಪೆಂಡ್ ಎಷ್ಟು, ಯಾವ ದಿನ ಅನ್ನುವುದು ಆಫರ್ ಮೇಲ್‌ನಲ್ಲೇ ಬರಲಿ. ಟ್ರೈನಿಂಗ್ ಫೀ, ಡೆಪಾಸಿಟ್ ಎಂದು ನಿಮ್ಮಿಂದ ಹಣ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಪತ್ರಕರ್ತರಿಗೆ ಫೋನ್ ಮಾಡಲು ನಿಮ್ಮ ಸ್ವಂತ ನಂಬರ್ ಬಳಸಬೇಕೇ ಎಂದೂ ಕೇಳಿ. ಬಳಸಿದರೆ ಇಂಟರ್ನ್‌ಶಿಪ್ ಮುಗಿದು ಆರು ತಿಂಗಳಾದರೂ ಅದೇ ನಂಬರಿಗೆ ಕರೆ ಬರುತ್ತಿರುತ್ತದೆ.